ಅಗ್ಗದ ಡೈನೊಸಾರ್ ರೋಬೋಟ್ ಆಟಿಕೆಯನ್ನು ಪರೀಕ್ಷಿಸಿ ವಿಮರ್ಶೆ ಬರೆಯುವ ಬಗೆ

ಡೈನೊಸಾರಿನ ಆಕಾರದಿಂದ ರೋಬೋಟಿನ ಆಕಾರಕ್ಕೆ ಮಡಚಿ ತಿರುಗಿಸಬಹುದಾದ ಪ್ಲಾಸ್ಟಿಕ್ ಆಟಿಕೆಗಳು ಕೊಪ್ಪಳದ ಜವಾಹರ ರಸ್ತೆಯ ಅಂಗಡಿಗಳಲ್ಲಿ, ಜನವರಿಯ ಗವಿಮಠದ ಜಾತ್ರೆಯ ಮಳಿಗೆಗಳಲ್ಲಿ, ಗಂಗಾವತಿ, ರಾಯಚೂರು, ಬಳ್ಳಾರಿಗಳ ಸ್ಟೇಷನರಿ ಅಂಗಡಿಗಳ ಕೊಕ್ಕೆಗಳಲ್ಲಿ ಈಗ ಧಾರಾಳವಾಗಿ ತೂಗಾಡುತ್ತಿವೆ. ಕೊಂಡವರು ಇವುಗಳ ಬಗ್ಗೆ ಬರೆಯುವ ಮಾತು ಬಹುಮಟ್ಟಿಗೆ ಕೊಂಡ ದಿನವೇ ಬರೆದದ್ದಾಗಿರುತ್ತದೆ. ‘ಚೆನ್ನಾಗಿದೆ, ಮಗುವಿಗೆ ಖುಷಿಯಾಯಿತು’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಕೊಂಡ ದಿನ ಯಾವ ಆಟಿಕೆಯಾದರೂ ಚೆನ್ನಾಗಿಯೇ ಇರುತ್ತದೆ. ಯಾರಿಗಾಗಿ ತಂದೆವೋ ಆ ಮಗು ದೊಡ್ಡವರ ಸಹಾಯವಿಲ್ಲದೆ ಅದನ್ನು ತಿರುಗಿಸಬಲ್ಲದೇ, ಹಾಗೆ ಹತ್ತಾರು ಬಾರಿ ತಿರುಗಿಸಿದ ಮೇಲೂ ಅದು ತನ್ನ ಕಾಲ ಮೇಲೆ ನಿಲ್ಲಬಲ್ಲದೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳದ ವಿಮರ್ಶೆಯಿಂದ ಮುಂದಿನ ಕೊಳ್ಳುಗರಿಗೆ ಏನೂ ಪ್ರಯೋಜನವಿಲ್ಲ. ಈ ಎರಡಕ್ಕೂ ಉತ್ತರ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಅಗ್ಗದ್ದು ಎಂದಾಗ 800 ರೂಪಾಯಿಯೊಳಗಿನದು ಎಂದು ಇಟ್ಟುಕೊಂಡಿದ್ದೇನೆ.

ಮೊದಲು ಬಗೆಯನ್ನು ಗುರುತಿಸಿ

ರೂಪ ಬದಲಿಸುವ ಆಟಿಕೆಗಳೆಲ್ಲ ಒಂದೇ ಜಾತಿಯವಲ್ಲ. ಒಂದು ಬಗೆಗೆ ಇನ್ನೊಂದರ ಅಳತೆಗೋಲು ಹಿಡಿದರೆ ಅನ್ಯಾಯವಾಗುತ್ತದೆ. ಒಂದು ಬಗೆಯಲ್ಲಿ ಎಲ್ಲವನ್ನೂ ಕೈಯಿಂದಲೇ ಮಡಚಬೇಕು, ಬಿಡಿಸಬೇಕು. ಇನ್ನೊಂದು ಬಗೆಯಲ್ಲಿ ಒಳಗೆ ಸ್ಪ್ರಿಂಗ್ ಇರುತ್ತದೆ. ನೆಲದ ಮೇಲೆ ಉರುಳಿಸಿ ಗೋಡೆಗೆ ತಾಗಿಸಿದರೆ ಅಥವಾ ತಲೆಯನ್ನು ಒತ್ತಿದರೆ ಕೊಂಡಿ ಕಳಚಿಕೊಂಡು ಆಟಿಕೆ ತಾನೇ ತೆರೆದುಕೊಳ್ಳುತ್ತದೆ. ಮೂರನೆಯದು ಸೆಲ್ ಹಾಕಿದರೆ ನಡೆಯುವ, ಬೆಳಕು ಬೀರುವ, ಗರ್ಜಿಸುವ ಬಗೆ. ಇವಲ್ಲದೆ, ನಾಲ್ಕೈದು ಸಣ್ಣ ಡೈನೊಸಾರ್‌ಗಳನ್ನು ಜೋಡಿಸಿ ಒಂದು ದೊಡ್ಡ ರೋಬೋಟ್ ಮಾಡುವ ಸೆಟ್‌ಗಳೂ, ಮೊಟ್ಟೆಯೊಳಗಿಂದ ಮರಿ ಬಿಚ್ಚಿಕೊಳ್ಳುವ ಸಣ್ಣ ಆಟಿಕೆಗಳೂ ಸಿಗುತ್ತವೆ. ವಿಮರ್ಶೆಯ ಮೊದಲ ಸಾಲಿನಲ್ಲಿಯೇ ನಿಮ್ಮ ಕೈಯಲ್ಲಿರುವುದು ಇವುಗಳಲ್ಲಿ ಯಾವುದು ಎಂದು ಹೇಳಿಬಿಡುವುದು ಒಳ್ಳೆಯದು. ನಾಲ್ಕು ವರ್ಷದ ಮಗುವಿಗಾದರೆ ನನ್ನ ಮತ ಸ್ಪ್ರಿಂಗಿನ ಬಗೆಗೆ. ಏಳೆಂಟು ವರ್ಷ ದಾಟಿದವರಿಗೆ ಅದು ಒಂದೇ ದಿನಕ್ಕೆ ಬೇಸರ ತರಿಸುತ್ತದೆ, ಅವರಿಗೆ ಕೈಯಿಂದ ಮಡಚುವುದೇ ಸರಿ.

ಕೈಯಿಂದ ಮಡಚುವ ಬಗೆಯ ಹಿಂದಿನ ಇತಿಹಾಸ ಸ್ವಲ್ಪ ಗೊತ್ತಿದ್ದರೆ ಪರೀಕ್ಷೆ ಸುಲಭವಾಗುತ್ತದೆ. ಜಪಾನಿನ ಟಕಾರಾ ಕಂಪನಿ ಮೊದಲೇ ಮಾರುತ್ತಿದ್ದ ರೋಬೋಟ್ ಆಟಿಕೆಗಳನ್ನು ಅಮೆರಿಕದ ಹ್ಯಾಸ್ಬ್ರೋ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದರ ಡೈನೊಸಾರ್ ಗುಂಪು 1985ರಲ್ಲಿ ಬಂದಿತು. ಆ ಗುಂಪಿನ ಟೈರನೋಸಾರಸ್‌ನಲ್ಲಿ ಬಾಲದ ಭಾಗ ಎರಡಾಗಿ ರೋಬೋಟಿನ ಕಾಲುಗಳಾಗುವ, ಪ್ರಾಣಿಯ ಹಿಂಗಾಲುಗಳು ರೋಬೋಟಿನ ತೋಳುಗಳಾಗುವ ಜೋಡಣೆ ಇತ್ತು. ಇಂದಿನ ಅಗ್ಗದ ಆಟಿಕೆಗಳಲ್ಲಿ ಅನೇಕವು ಇದೇ ಉಪಾಯವನ್ನು ಸರಳಗೊಳಿಸಿ ಬಳಸುತ್ತವೆ. ಆದ್ದರಿಂದ ಆಟಿಕೆ ಕೈಗೆ ಬಂದೊಡನೆ ಕೇಳಬೇಕಾದದ್ದು: ಯಾವ ಅಂಗ ಯಾವುದಾಗುತ್ತದೆ, ಮತ್ತು ಯಾವ ಅಂಗ ಏನೂ ಆಗದೆ ಬೆನ್ನ ಮೇಲೆ ಸುಮ್ಮನೆ ಹೊರೆಯಾಗಿ ನೇತಾಡುತ್ತದೆ? ಹೊರೆ ಹೆಚ್ಚಾದಷ್ಟೂ ರೋಬೋಟ್ ಹಿಂದಕ್ಕೆ ಬೀಳುತ್ತದೆ. ಇನ್ನೂ ಅಗ್ಗವಾದ ಕೆಲವದರಲ್ಲಿ ರೂಪಾಂತರವೆಂಬುದೇ ಇರುವುದಿಲ್ಲ. ರೋಬೋಟಿನ ಎದೆಯ ಮೇಲೆ ಡೈನೊಸಾರಿನ ತಲೆಯನ್ನು ಮುಚ್ಚಳದಂತೆ ಹಾಕಿರುತ್ತಾರೆ. ಅದನ್ನು ಹಾಗೆಂದೇ ಬರೆಯಬೇಕು.

ಡಬ್ಬಿಯ ಮೇಲಿನ ಬರಹ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಹೊರದೇಶದಿಂದ ತಂದದ್ದಕ್ಕೂ ಈ ನಿಯಮ ಅನ್ವಯಿಸುತ್ತದೆ. ಸೆಲ್ ಇಲ್ಲದ ಆಟಿಕೆಗಾದರೆ ಗುರುತಿನ ಮೇಲೆ ಐಎಸ್ 9873 ಎಂಬ ಸಂಖ್ಯೆಯೂ, ವಿದ್ಯುತ್ತಿನಿಂದ ಅಥವಾ ಸೆಲ್‌ನಿಂದ ನಡೆಯುವುದಕ್ಕಾದರೆ ಐಎಸ್ 15644 ಎಂಬ ಸಂಖ್ಯೆಯೂ, ಕೆಳಗೆ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಗುರುತನ್ನು ಮುದ್ರಿಸುವುದು ಕಷ್ಟದ ಕೆಲಸವಲ್ಲವಾದ್ದರಿಂದ ಅದನ್ನು ನೋಡಿ ಅಲ್ಲಿಗೇ ಬಿಡಬಾರದು. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಪರವಾನಗಿ ಸಂಖ್ಯೆಯನ್ನು ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ, ಯಾವ ವಸ್ತುವಿಗೆ ಕೊಟ್ಟದ್ದು, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಡಬ್ಬಿಯ ಮೇಲಿನ ತಯಾರಕರ ಹೆಸರು ಅದಕ್ಕೆ ಹೊಂದದಿದ್ದರೆ ಕೊಳ್ಳಬೇಡಿ, ಕೊಂಡಾಗಿದ್ದರೆ ವಿಮರ್ಶೆಯಲ್ಲಿ ಮೊದಲು ಅದನ್ನೇ ಬರೆಯಿರಿ.

ಇದಕ್ಕೆ ಕಾರಣವಿದೆ. ಬಣ್ಣದಲ್ಲಿ ಸೀಸ ಇದೆಯೇ ಇಲ್ಲವೇ ಎಂಬುದನ್ನು ಮೂಸಿ, ನೋಡಿ, ಉಜ್ಜಿ ಕಂಡುಹಿಡಿಯಲಾಗದು. ಅದು ಪ್ರಯೋಗಾಲಯದ ಕೆಲಸ, ಮತ್ತು ಐಎಸ್ 9873ರ ಮೂರನೆಯ ಭಾಗ ಇರುವುದೇ ಇಂತಹ ಧಾತುಗಳ ಪರೀಕ್ಷೆಗಾಗಿ. ‘ವಾಸನೆ ಇಲ್ಲ, ಆದ್ದರಿಂದ ವಿಷವಿಲ್ಲ’ ಎಂಬ ಸಾಲನ್ನು ಯಾವ ವಿಮರ್ಶಕರೂ ಬರೆಯಕೂಡದು.

ಎಂಆರ್‌ಪಿ, ತಯಾರಿಸಿದ ತಿಂಗಳು ಮತ್ತು ವರ್ಷ, ತಯಾರಕರ ಅಥವಾ ಆಮದುದಾರರ ವಿಳಾಸ, ದೂರು ಸಂಪರ್ಕ, ಆಮದಾದದ್ದಕ್ಕೆ ಮೂಲ ದೇಶ ಇವು ಕೂಡ ಡಬ್ಬಿಯ ಮೇಲೆ ಇರಲೇಬೇಕು. ಜಾತ್ರೆಯಲ್ಲಿ ಬರಿ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಆಟಿಕೆಯಲ್ಲಿ ಇದಾವುದೂ ಕಾಣದು. ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಕಿನ್ನಾಳದ ಚಿತ್ರಗಾರರ ಮರದ ಗೊಂಬೆಗಳಿಗೆ ಈ ಕಡ್ಡಾಯ ಅನ್ವಯಿಸದು, ಏಕೆಂದರೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕರಕುಶಲ ಆಟಿಕೆಗಳಿಗೆ ವಿನಾಯಿತಿ ಇದೆ. ಪ್ಲಾಸ್ಟಿಕ್ ರೋಬೋಟ್ ಮಾರುವವರು ಆ ಉದಾಹರಣೆಯನ್ನು ತಮ್ಮ ನೆರವಿಗೆ ಕರೆಯುವಂತಿಲ್ಲ. ಇದೇ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಶಂಕುಸ್ಥಾಪನೆಯಾಗಿದೆ. ಹೀಗಿರುವಾಗ ಇಲ್ಲಿಯ ಕೊಳ್ಳುಗರು ಗುರುತು ಕೇಳಿ ಕೊಳ್ಳುವ ಅಭ್ಯಾಸ ಮಾಡಿಕೊಳ್ಳುವುದು ಸಹಜವಾಗಿಯೇ ಆಗಬೇಕು.

ಅಂಗಡಿಯಲ್ಲಿ

ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿ ಒಡೆಯುವುದನ್ನು ಕತ್ತರಿಸದೆ ಒಂದೇ ವಿಡಿಯೊದಲ್ಲಿ ಚಿತ್ರೀಕರಿಸಿಕೊಳ್ಳಿ. ಒಂದು ಭಾಗ ಕಡಿಮೆ ಬಂದಾಗ ಅದೇ ಸಾಕ್ಷಿ. ಅಂಗಡಿಯಲ್ಲಾದರೆ ಸಂಕೋಚಪಡದೆ ಕೇಳಬೇಕು. ‘ಅಣ್ಣಾರ, ಒಮ್ಮೆ ಬಿಚ್ಚಿ ತಿರುವಿ ತೋರಸ್ರಿ’ ಎಂದರೆ, ‘ಡಬ್ಬಿ ಒಡದ್ರ ವಾಪಸ್ ತಗೊಳ್ಳೂದಿಲ್ರಿ ಅಕ್ಕಾರ’ ಎಂಬ ಉತ್ತರ ಬರುವುದು ಸಾಮಾನ್ಯ. ಆಗ ಪ್ರದರ್ಶನಕ್ಕೆ ಇಟ್ಟ ಒಂದನ್ನಾದರೂ ಕೈಗೆ ಕೊಡುವಂತೆ ಕೇಳಿ. ಎಷ್ಟೋ ಜನ ಮುಟ್ಟಿ ತಿರುವಿದ ಪ್ರದರ್ಶನದ ಆಟಿಕೆ ಹೊಸದಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ: ಅದರ ಕಾಲು ಜೋತುಬಿದ್ದಿದ್ದರೆ ನಿಮ್ಮದೂ ಹಾಗೆಯೇ ಆಗುತ್ತದೆ.

ಗಾತ್ರದ ಮೋಸ ಆನ್‌ಲೈನ್‌ನಲ್ಲಿ ಹೆಚ್ಚು. ಚಿತ್ರದಲ್ಲಿ ಅಂಗೈ ತುಂಬುವಂತೆ ಕಂಡದ್ದು ಬಂದಾಗ ಹೆಬ್ಬೆರಳಿನಷ್ಟಿರಬಹುದು. ವಿಮರ್ಶೆಯಲ್ಲಿ ಡೈನೊಸಾರ್ ರೂಪದ ಉದ್ದವನ್ನೂ ರೋಬೋಟ್ ರೂಪದ ಎತ್ತರವನ್ನೂ ಸೆಂಟಿಮೀಟರಿನಲ್ಲಿ ಬೇರೆ ಬೇರೆಯಾಗಿ ಕೊಡಿ. ಫೋಟೊದಲ್ಲಿ ಪಕ್ಕಕ್ಕೆ ಹತ್ತು ರೂಪಾಯಿಯ ನಾಣ್ಯವೊಂದನ್ನು ಇಡಿ, ಅದರ ವ್ಯಾಸ 27 ಮಿಲಿಮೀಟರ್ ಎಂಬುದು ಎಲ್ಲರಿಗೂ ಒಂದೇ ಅಳತೆ.

ಕೀಲುಗಳ ಪರೀಕ್ಷೆ

ಈ ಆಟಿಕೆಯ ಜೀವವಿರುವುದು ಕೀಲುಗಳಲ್ಲಿ, ಆದ್ದರಿಂದ ಇಲ್ಲಿ ಸಮಯ ಕೊಡಬೇಕು. ಮೊದಲು ಕೀಲು ಯಾವ ಬಗೆಯದು ಎಂದು ನೋಡಿ. ಲೋಹದ ಪಿನ್ ತೂರಿಸಿದ ಕೀಲು ಒಂದೇ ಅಕ್ಷದಲ್ಲಿ ತಿರುಗುತ್ತದೆ, ಗಟ್ಟಿಯಾಗಿರುತ್ತದೆ, ಆದರೆ ಸಡಿಲವಾದ ಮೇಲೆ ಬಿಗಿಗೊಳಿಸುವುದು ಕಷ್ಟ. ಸ್ಕ್ರೂ ಹಾಕಿದ ಕೀಲನ್ನು ಮೊಬೈಲ್ ರಿಪೇರಿಯವರ ಬಳಿ ಇರುವಂತಹ ಸಣ್ಣ ಪ್ಲಸ್ ಸ್ಕ್ರೂಡ್ರೈವರಿನಿಂದ ಬಿಗಿಗೊಳಿಸಬಹುದು. ಅಗ್ಗದ ಆಟಿಕೆಯಲ್ಲಿ ಸ್ಕ್ರೂ ಕಂಡರೆ ಅದು ದೋಷವೆಂದು ತಿಳಿಯದೆ ಗುಣವೆಂದೇ ಬರೆಯಿರಿ. ಗುಂಡು ಮತ್ತು ಬಟ್ಟಲಿನ ಕೀಲು ಎಲ್ಲ ಕಡೆಗೂ ತಿರುಗುತ್ತದೆ, ಜೋರಾಗಿ ಎಳೆದರೆ ಮುರಿಯುವ ಬದಲು ಕಳಚಿಕೊಂಡು ಮತ್ತೆ ಸಿಕ್ಕಿಸಲು ಬರುತ್ತದೆ. ಮಕ್ಕಳ ಕೈಯಲ್ಲಿ ಇದು ವರವೇ ಸರಿ, ಆದರೆ ಬೇಗ ಸಡಿಲವಾಗುವುದೂ ಇದೇ. ತಿರುಗಿಸುವಾಗ ಟಕಟಕ ಸದ್ದು ಮಾಡುತ್ತ ಹಂತಹಂತವಾಗಿ ನಿಲ್ಲುವ ಹಲ್ಲಿನ ಕೀಲು ಈ ಬೆಲೆಯಲ್ಲಿ ಅಪರೂಪ; ಸೊಂಟದಲ್ಲಾದರೂ ಅದು ಇದ್ದರೆ ರೋಬೋಟ್ ಬಹುಕಾಲ ನೆಟ್ಟಗೆ ನಿಲ್ಲುತ್ತದೆ.

ಮೊದಲ ರೂಪಾಂತರವನ್ನು ನೀವೇ ನಿಧಾನವಾಗಿ ಮಾಡಿ. ಡಬ್ಬಿಯೊಳಗಿನ ಚಿತ್ರಪಟದಲ್ಲಿ ಹೇಳಿದ ಹಂತಗಳನ್ನೂ ನಿಜವಾಗಿ ಬೇಕಾದ ಹಂತಗಳನ್ನೂ ಎಣಿಸಿಕೊಳ್ಳಿ, ಏಕೆಂದರೆ ಮಧ್ಯದ ಒಂದು ತಿರುವನ್ನು ಬಿಟ್ಟು ನೇರವಾಗಿ ಕೊನೆಯ ಚಿತ್ರ ತೋರಿಸುವ ಚಾಳಿ ಅಗ್ಗದ ಆಟಿಕೆಗಳಲ್ಲಿ ಸಾಮಾನ್ಯವಾಗಿದ್ದು, ಅನೇಕ ತೋಳುಗಳು ಮುರಿಯುವುದು ಆ ಬಿಟ್ಟುಹೋದ ತಿರುವಿನಲ್ಲಿಯೇ. ಪಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕಾಗದ ಕಳೆದುಹೋಗುವುದು ಖಚಿತ. ಎಲ್ಲಿಯಾದರೂ ಭಾಗ ಅಡ್ಡಬಂದರೆ ಬಲ ಹಾಕದೆ ಹಿಂದಿನ ಹಂತಕ್ಕೆ ಹೋಗಬೇಕು. ಬಣ್ಣದ ಪ್ಲಾಸ್ಟಿಕ್ ಬಾಗಿದ ಜಾಗದಲ್ಲಿ ಬಿಳಿಯ ಗೆರೆ ಮೂಡಿದರೆ ಅಲ್ಲಿ ಒಳಗಿಂದ ಒಡೆಯಲು ಆರಂಭವಾಗಿದೆ ಎಂದೇ ಅರ್ಥ; ಆ ಜಾಗದ ಹತ್ತಿರದ ಫೋಟೊವನ್ನು ವಿಮರ್ಶೆಯಲ್ಲಿ ಹಾಕಿದರೆ ಓದುವವರಿಗೆ ನೂರು ಮಾತಿಗಿಂತ ಹೆಚ್ಚು ಉಪಯೋಗ.

ಪ್ಲಾಸ್ಟಿಕ್ ಯಾವುದೆಂದು ಡಬ್ಬಿಯಲ್ಲಿ ಬರೆದಿರುವುದು ಕಡಿಮೆ. ಗಟ್ಟಿಯಾಗಿ, ಹೊಳಪಾಗಿ, ಬಡಿದರೆ ಟಣ್ಣೆನ್ನುವುದು ಬಹುತೇಕ ಎಬಿಎಸ್. ಬಾಲದ ತುದಿ, ಕೊಂಬು, ಉಗುರುಗಳಂತಹ ಮೊನಚು ಭಾಗಗಳನ್ನು ಚುಚ್ಚದಿರಲೆಂದು ಮೆತ್ತನೆಯ ಪಿವಿಸಿಯಲ್ಲಿ ಮಾಡುತ್ತಾರೆ. ಪಾರದರ್ಶಕ ಪ್ಲಾಸ್ಟಿಕ್ ಮಕ್ಕಳ ಕಣ್ಣಿಗೆ ಬಹಳ ಚೆಂದ, ಆದರೆ ಪಿನ್ ಹೋಗುವ ಜಾಗದಲ್ಲಿ ಅದು ಬೇಗ ಬಿರುಕು ಬಿಡುತ್ತದೆ. ಕನ್ನಡಿಯಂತೆ ಹೊಳೆಯುವ ಕ್ರೋಮ್ ಲೇಪ ಕೀಲಿನ ಪಕ್ಕದಲ್ಲಿದ್ದರೆ ಕೆಲವೇ ತಿರುವುಗಳಲ್ಲಿ ಸುಲಿಯುತ್ತದೆ. ಆ ಸುಲಿಕೆ ಸಣ್ಣ ಮಕ್ಕಳ ಬಾಯಿಗೆ ಹೋಗಬಹುದಾದ್ದರಿಂದ ಇದನ್ನು ಅಂದದ ಕೊರತೆ ಎಂದಷ್ಟೇ ಬರೆದು ಬಿಡಬಾರದು.

ಅಂಚುಗಳನ್ನು ನೋಡಲು ಬೆರಳು ಬೇಡ. ಸ್ವಲ್ಪ ಹತ್ತಿಯನ್ನು ಅಚ್ಚಿನ ಗೆರೆಯುದ್ದಕ್ಕೂ ಎಳೆದರೆ ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಚೂಪು ಇದೆ. ಬಣ್ಣಕ್ಕೆ ಒದ್ದೆಯಾದ ಬಿಳಿ ಬಟ್ಟೆ ಸಾಕು. ಬಟ್ಟೆಗೆ ಬಣ್ಣ ಹತ್ತಿದರೆ ಆಟಿಕೆಯನ್ನು ಹಿಂತಿರುಗಿಸಿ.

ಇನ್ನು ನಿಲ್ಲುವ ಪರೀಕ್ಷೆ. ಎರಡೂ ರೂಪಗಳಲ್ಲಿ ಆಟಿಕೆಯನ್ನು ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ಕಿನ ಮೇಲೆ ನಿಲ್ಲಿಸಿ, ಪುಸ್ತಕದ ಒಂದು ಅಂಚನ್ನು ಮೆಲ್ಲನೆ ಎತ್ತುತ್ತ ಹೋಗಿ. ಎಷ್ಟು ಎತ್ತಿದಾಗ, ಯಾವ ಕಡೆಗೆ ಬೀಳುತ್ತದೆ ಎಂದು ನೋಡಿಕೊಳ್ಳಿ. ಹೊಸದಾಗಿದ್ದಾಗ ಒಮ್ಮೆ, ಮಗು ಇಪ್ಪತ್ತು ಮೂವತ್ತು ಬಾರಿ ತಿರುಗಿಸಿದ ಮೇಲೆ ಇನ್ನೊಮ್ಮೆ ಮಾಡಿ ಎರಡನ್ನೂ ಬರೆದರೆ, ಕೀಲು ಎಷ್ಟು ಸವೆಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮನೆ ಅಳತೆ ಸಿಗದು.

ನಮ್ಮ ಭಾಗದವರು ನೋಡಬೇಕಾದ ಎರಡು ಸಂಗತಿಗಳಿವೆ: ಬಿಸಿಲು ಮತ್ತು ಧೂಳು. ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುವುದು ವಿಶೇಷವಲ್ಲ, ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಬಹಳ ಹೆಚ್ಚು. ಗಟ್ಟಿ ಎಬಿಎಸ್ ಇದನ್ನು ತಾಳುತ್ತದೆ. ಮೆತ್ತನೆಯ ಬಾಲ, ಕೊಂಬುಗಳು ಬಾಗುತ್ತವೆ. ಬಾಗಿದ್ದನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಕೈಯಿಂದ ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತದೆ; ಸೆಲ್ ಇರುವ ಆಟಿಕೆಗೆ ಇದನ್ನು ಮಾಡಬಾರದು. ಸಂಡೂರಿನ ಅದಿರಿನ ಕೆಂಪು ಧೂಳಾಗಲಿ, ಗಿಣಿಗೇರಾ ಕಡೆಯ ಕಾರ್ಖಾನೆಗಳ ಕಪ್ಪು ಧೂಳಾಗಲಿ ಕೀಲಿನೊಳಗೆ ಸೇರಿದರೆ ಉಪ್ಪುಕಾಗದದಂತೆ ಉಜ್ಜಿ ಸವೆಸುತ್ತದೆ. ಒಣ ಬ್ರಷ್‌ನಿಂದ ಆಗಾಗ ಝಾಡಿಸಬೇಕು. ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಮಾತ್ರ ಬೇಡ, ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ.

ಸೆಲ್ ಇದ್ದರೆ

ಸೆಲ್ ಕೂರುವ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಸಣ್ಣ ಆಟಿಕೆಗಳಲ್ಲಿ ಗುಂಡಿಯಂತಹ ಚಪ್ಪಟೆ ಸೆಲ್‌ಗಳನ್ನು ಬಳಸುತ್ತಾರೆ. ಮಗು ಇದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅದರಲ್ಲೂ ಸಿಆರ್2032ನಂತಹ ಲಿಥಿಯಂ ಸೆಲ್ ಆಗಿದ್ದರೆ, ಎರಡು ಗಂಟೆಯೊಳಗೆ ಒಳಗಿನ ಮಾಂಸವನ್ನು ಸುಟ್ಟು ತೂತು ಮಾಡುವಷ್ಟು ಹಾನಿ ಆರಂಭವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ ಅಥವಾ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಧಾವಿಸಬೇಕು. ಆದ್ದರಿಂದ ಉಗುರಿನಿಂದ ತೆರೆಯಬಹುದಾದ ಸೆಲ್ ಮುಚ್ಚಳವಿರುವ ಆಟಿಕೆಗೆ ಉಳಿದೆಲ್ಲ ಗುಣಗಳಿದ್ದರೂ ನಾನು ಶಿಫಾರಸು ಮಾಡಲಾರೆ.

ಡಬ್ಬಿಯೊಂದಿಗೆ ಬರುವ ಸೆಲ್‌ಗಳು ಅಂಗಡಿಯಲ್ಲಿ ಗುಂಡಿ ಒತ್ತಿ ತೋರಿಸುವಷ್ಟಕ್ಕೆ ಇರುತ್ತವೆ. ಹೊಸ ಸೆಲ್ ಹಾಕಿದ ಮೇಲೆಯೇ ನಡಿಗೆಯನ್ನೂ ಸದ್ದನ್ನೂ ಅಳೆಯಿರಿ. ನುಣುಪಾದ ಟೈಲ್ಸ್ ಮೇಲೆ ನಡೆಯುವುದು ಶಹಾಬಾದ್ ಕಲ್ಲಿನ ಹಳೆಯ ನೆಲದಲ್ಲಿ ಮುಗ್ಗರಿಸುವುದುಂಟು, ಎರಡೂ ಕಡೆ ನೋಡಿ ಬರೆಯುವುದು ಒಳ್ಳೆಯದು. ಗರ್ಜನೆ ತೀರಾ ಜೋರಾಗಿದ್ದರೆ ಸ್ಪೀಕರಿನ ತೂತುಗಳ ಮೇಲೆ ಸೆಲೊಟೇಪ್ ಅಂಟಿಸಿದರೆ ತಗ್ಗುತ್ತದೆ. ಆಟಿಕೆಯನ್ನು ವಾರಗಟ್ಟಲೆ ಮುಟ್ಟದೆ ಇಡುವುದಾದರೆ ಸೆಲ್ ತೆಗೆದಿಡಿ, ಸೋರಿದ ಸೆಲ್ ಒಳಗಿನ ತಗಡನ್ನು ತಿಂದುಬಿಡುತ್ತದೆ.

ಮಗುವಿನ ಕೈಗೆ

ಮನೆಯಲ್ಲಿ ಮೂರು ವರ್ಷದೊಳಗಿನ ಕೂಸು ಇದ್ದರೆ, ಆಟಿಕೆ ಅಣ್ಣನಿಗೆ ತಂದದ್ದಾದರೂ, ಒಂದು ಪರೀಕ್ಷೆ ಬೇಕು. 10 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಯನ್ನು ತುದಿಗೆ ತುದಿ ತಾಗಿಸಿ ಸುತ್ತಿ ಅಂಟಿಸಿದರೆ ಸುಮಾರು 32 ಮಿಲಿಮೀಟರ್ ವ್ಯಾಸದ ಕೊಳವೆಯಾಗುತ್ತದೆ. ಸಣ್ಣ ಭಾಗಗಳ ಅಧಿಕೃತ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ಬಾಯಿಯೂ ಹೆಚ್ಚುಕಡಿಮೆ ಅಷ್ಟೇ. ಕಳಚಿ ಬರುವ ಕೈ, ಖಡ್ಗ, ಕೊಂಬು, ಕ್ಷಿಪಣಿ ಯಾವುದಾದರೂ ಅದರೊಳಗೆ ಇಳಿದರೆ ಕೂಸಿನ ಗಂಟಲಿಗೂ ಇಳಿಯಬಹುದು. ಹಾರಿಸುವ ಕ್ಷಿಪಣಿ ಇದ್ದರೆ ನಾನಂತೂ ಮೊದಲ ದಿನವೇ ತೆಗೆದಿಡುತ್ತೇನೆ.

ಬಳಿಕ ಮಗುವಿಗೆ ಕೊಡಿ. ಒಮ್ಮೆ ಮಾತ್ರ ತೋರಿಸಿ, ಆಮೇಲೆ ಸುಮ್ಮನೆ ಕುಳಿತು ನೋಡಿ. ಎಲ್ಲಿ ಬೆರಳಿನ ಬಲ ಸಾಲದೆ ಹಲ್ಲಿನಿಂದ ಕಚ್ಚಿ ಎಳೆಯುತ್ತದೆ, ಯಾವ ಹಂತದಲ್ಲಿ ‘ಕಾಕಾ, ಇದನ್ನ ತಗದ್ ಕೊಡು’ ಎಂದು ತಿರುಗುತ್ತದೆ, ಮಡಚುವಾಗ ಯಾವ ಸಂದಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ ಎಂಬುದನ್ನೆಲ್ಲ ಗಮನಿಸಿ. ಡಬ್ಬಿಯ ಮೇಲಿನ ವಯಸ್ಸಿನ ಸೂಚನೆ ಸುರಕ್ಷತೆಯನ್ನು ಹೇಳುತ್ತದೆ. ಮಗು ತಾನಾಗಿ ತಿರುಗಿಸಬಲ್ಲದೇ ಎಂಬುದನ್ನು ಹೇಳುವುದಿಲ್ಲ. ಮುಂದಿನ ಕೊಳ್ಳುಗರಿಗೆ ಬೇಕಾದ ವಯಸ್ಸು ಈ ಎರಡನೆಯದು.

ಮಗು ಸ್ವಲ್ಪ ದೊಡ್ಡದಾಗಿದ್ದರೆ ಡೈನೊಸಾರಿನ ವಿಷಯವನ್ನೂ ಕೇಳುತ್ತದೆ. ಟೈರನೋಸಾರಸ್ಸಿಗೆ ಮುಂಗೈಯಲ್ಲಿ ಇದ್ದದ್ದು ಎರಡೇ ಬೆರಳು, ಆಟಿಕೆಗಳಲ್ಲಿ ಮೂರು ಇರುತ್ತವೆ. ಅದು ಬಾಲವನ್ನು ನೆಲಕ್ಕೆ ಎಳೆಯದೆ ಬೆನ್ನನ್ನು ಅಡ್ಡಲಾಗಿ ಹಿಡಿದು ನಡೆಯುತ್ತಿತ್ತೆಂದು ಈಗ ಒಪ್ಪಿದ್ದಾರೆ, ಅಗ್ಗದ ಆಟಿಕೆಗಳು ಇನ್ನೂ ನೆಟ್ಟಗೆ ನಿಂತೇ ಇವೆ. ಸೆಟ್ಟಿನಲ್ಲಿ ಬರುವ ರೆಕ್ಕೆಯ ಟೆರಾನೊಡಾನ್ ಡೈನೊಸಾರೇ ಅಲ್ಲ. ಇದಕ್ಕಾಗಿ ಅಂಕ ಕಳೆಯುವುದು ನನಗೆ ಸರಿಕಾಣದು, ರೋಬೋಟಾಗಬೇಕಾದ ಪ್ರಾಣಿ ಅಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳಲಿ. ಆದರೆ ಗುಜರಾತಿನ ನರ್ಮದಾ ಕಣಿವೆಯ ಪಳೆಯುಳಿಕೆಗಳಿಂದ 2003ರಲ್ಲಿ ಹೆಸರಿಸಲಾದ ನಮ್ಮದೇ ರಾಜಾಸಾರಸ್ ಇನ್ನೂ ಯಾವ ಜಾತ್ರೆಯ ಅಂಗಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಬರೆಯುವಾಗ

ಒಂದೆರಡು ವಾರ ಆಡಿದ ಮೇಲೆ ಬರೆಯಿರಿ. ಕೊಟ್ಟ ಬೆಲೆ, ಕೊಂಡ ತಿಂಗಳು, ಪರವಾನಗಿ ಸಂಖ್ಯೆಯನ್ನು ಆ್ಯಪ್‌ನಲ್ಲಿ ನೋಡಿದಾಗ ಕಂಡದ್ದು, ಎರಡೂ ರೂಪಗಳ ಅಳತೆ, ಹಂತಗಳ ಎಣಿಕೆ, ಆಡಿದ ಮಗುವಿನ ವಯಸ್ಸು, ಮೊದಲು ಸಡಿಲವಾದ ಅಥವಾ ಮುರಿದ ಭಾಗ ಇಷ್ಟೂ ಅದರಲ್ಲಿರಲಿ. ಐದಕ್ಕೆ ಇಷ್ಟು ನಕ್ಷತ್ರ ಎಂಬ ಅಂಕದಿಂದ ಇದಾವುದೂ ತಿಳಿಯದು. 300 ರೂಪಾಯಿಯ ಆಟಿಕೆಯನ್ನು 3,000 ರೂಪಾಯಿಯ ಆಟಿಕೆಗೆ ಹೋಲಿಸಿ ಹಳಿಯುವುದು ಸುಲಭ. ಅದೇ ಬೆಲೆಯಲ್ಲಿ ಸಿಗುವ ಇನ್ನೊಂದರೊಂದಿಗೆ ಹೋಲಿಸುವುದು ನ್ಯಾಯ. ಆಟಿಕೆಯನ್ನು ಮಾರುವವರೇ ಉಚಿತವಾಗಿ ಕೊಟ್ಟಿದ್ದರೆ ಅದನ್ನು ಮುಚ್ಚಿಡಬಾರದು. ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗಾಗಿಯೇ ಐಎಸ್ 19000:2022 ಎಂಬ ಮಾನಕ ನಮ್ಮಲ್ಲಿದೆ.

ಮುರಿದದ್ದನ್ನು ಸರಿಮಾಡಿ ನೋಡಿದ್ದರೆ ಅದನ್ನೂ ಸೇರಿಸಿ. ಸಡಿಲವಾದ ಗುಂಡು ಕೀಲನ್ನು ಕಳಚಿ, ಗುಂಡಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆಯೇ ಸಿಕ್ಕಿಸಿದರೆ ಬಿಗುವು ಮರಳುತ್ತದೆ. ಹಸಿ ಇರುವಾಗ ಸಿಕ್ಕಿಸಿದರೆ ಅಂಟಿಕೊಂಡೇ ಹೋಗುತ್ತದೆ. ಫೆವಿಕ್ವಿಕ್ ಅನ್ನು ತಿರುಗುವ ಕೀಲಿಗೆ ಹಾಕಬೇಡಿ, ತಿರುಗದ ಭಾಗ ಮುರಿದಿದ್ದರೆ ಮಾತ್ರ ಒಂದು ಹನಿ. ಸುತ್ತ ಬಿಳಿಯ ಬೂಷ್ಟಿನಂತಹ ಕಲೆ ಉಳಿಯುವುದು ಸಹಜ. ಸ್ಕ್ರೂವನ್ನು ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ಕಿನೊಳಗಿನ ಹಿಡಿತವೇ ಹೋಗುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಐಎಸ್‌ಐ ಗುರುತೇ ಇಲ್ಲದ್ದನ್ನು ಮಾರಿದವರು ಹಿಂದಕ್ಕೆ ಪಡೆಯಲು ಒಪ್ಪದಿದ್ದರೆ ಬಿಲ್ಲನ್ನೂ ಡಬ್ಬಿಯ ಫೋಟೊವನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಬಿಲ್ ಬೇಕೆಂದು ಕೊಳ್ಳುವಾಗಲೇ ಕೇಳಿ ಪಡೆದಿರಬೇಕು.